ಸನ್ನತಿಗೆ ಹೋದ್ರ ಕನಗನಹಳ್ಳಿ ಸ್ತೂಪ ಹೆಂಗ ನೋಡಬೇಕು: ಅಕ್ಕಲಕೋಟ, ಸೋಲಾಪುರ ಕಡೆಯವರಿಗಾಗಿ

ಅಕ್ಕಲಕೋಟ, ದುಧನಿ, ಸೋಲಾಪುರ ಈ ಕಡೆ ನಮ್ಮ ಕನ್ನಡ ಮಂದಿಯೊಳಗ ಎಷ್ಟೋ ಮನೆತನದವರಿಗೆ ಕಲಬುರಗಿ ಜಿಲ್ಲಾದ ಸನ್ನತಿ ಚಂದ್ರಲಾಂಬಾ ತಾಯಿ ಕುಲದೇವತೆ. ಮದುವಿ ಆದ್ರ, ಕೂಸು ಹುಟ್ಟಿದ್ರ, ಹೊಸ ಮನಿ ಕಟ್ಟಿದ್ರ ಗಾಡಿ ಮಾಡ್ಕೊಂಡು ಹೋಗೇ ಹೋಗ್ತಾರ. ಆ ಗುಡಿಯಿಂದ ಮೂರು ಕಿಲೋಮೀಟರ್ ಆಜುಬಾಜು ಕನಗನಹಳ್ಳಿ ಅಂತ ಸಣ್ಣ ಊರದ, ಊರ ಹೊಲದಾಗ ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಮಹಾಸ್ತೂಪದ ಅವಶೇಷ ಅವ, ಅಶೋಕ ಚಕ್ರವರ್ತಿ ಚಿತ್ರ ಹೆಸರು ಸಮೇತ ಕಲ್ಲಿನಾಗ ಕೆತ್ತಿದ್ದು ಸಿಕ್ಕಿದ್ದು ಇಲ್ಲೇ. ಆದ್ರ ನಮ್ಮ ಮಂದಿ ಏನ್ ಮಾಡ್ತಾರಂದ್ರ, ದರ್ಶನ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಎರಡರ ಬಿಸಿಲಾಗ ಸ್ತೂಪದ ಮುಂದ ಗಾಡಿ ನಿಲ್ಲಿಸ್ತಾರ, ಹತ್ತು ನಿಮಿಷ ಅಡ್ಡಾಡಿ ಎರಡು ಸೆಲ್ಫಿ ತಗೊಂಡು "ಬರೀ ಕಲ್ಲವಪಾ" ಅಂದು ಹೊಳ್ಳಿ ಬರ್ತಾರ. ಇದು ನನಗ ಖರೇನೇ ಬ್ಯಾಸರ ಆಗ್ತದ, ಯಾಕಂದ್ರ ಅಲ್ಲಿ ನೋಡೋದು ಭಾಳ ಅದ, ನೋಡೋ ಹೊತ್ತು ಮತ್ತ ನೋಡೋ ರೀತಿ ಗೊತ್ತಿರಬೇಕು ಅಷ್ಟೇ.

ಅದಕ್ಕ ಮೊದಲನೇ ಮಾತು: ಕ್ರಮ ತಿರುಗಿಸ್ರಿ. ಮುಂಜಾನೆ ಮೊದಲ ಸ್ತೂಪ, ಆಮ್ಯಾಲ ತಾಯಿ ದರ್ಶನ, ಆಮ್ಯಾಲ ಊಟ. ಇದು ಬಿಸಿಲು ತಪ್ಪಿಸ್ಲಾಕ ಅಂತ ಮಾತ್ರ ಅಲ್ಲ. ಇಲ್ಲಿನ ಕೆತ್ತನಿ ಭಾಳ ಆಳ ಇಲ್ಲ, ಕಲ್ಲು ಬೂದಿ-ಹಸಿರು ಮಿಶ್ರ ಬಣ್ಣ, ಸೂರ್ಯ ನೆತ್ತಿ ಮ್ಯಾಲ ಬಂದ್ರ ಎಲ್ಲಾ ಸಪಾಟ ಕಾಣ್ತದ. ಅದೇ ಬೆಳಿಗ್ಗೆ ಏಳು-ಎಂಟರ ಬಿಸಿಲು ಅಡ್ಡಕ್ಕ ಬೀಳ್ತದ ನೋಡ್ರಿ, ಆಗ ಒಂದೊಂದು ಗೆರಿಗೂ ನೆರಳು ಬಂದು ಚಿತ್ರ ಎದ್ದು ಕಾಣ್ತದ, ಅಕ್ಷರ ಸುದ್ದಾ ಕಾಣ್ತಾವ. ಸಂಜಿ ನಾಲ್ಕೂವರೆ ಮ್ಯಾಲಿನ ಬಿಸಿಲೂ ಛಲೋನೇ. ಮನ್ಯಾಗ ಹಿರಿಯರು "ದೇವರ ದರ್ಶನ ಆಗದ ಬ್ಯಾರೆ ಕಡೆ ಹೋಗಬಾರದು" ಅಂತಿದ್ರ ಅವರ ಮಾತು ನಡಸ್ರಿ, ದರ್ಶನ ನಸುಕಿನ್ಯಾಗೇ ಮುಗಿಸಿ ಸ್ತೂಪಕ್ಕ ಬರ್ರಿ, ಇಲ್ಲಾ ಊಟ ಆಗಿ ಸ್ವಲ್ಪ ಹೊತ್ತು ಗುಡಿ ನೆರಳಾಗ ಅಡ್ಡಾಗಿ ಸಂಜಿಗೆ ಹೋಗ್ರಿ. ಎರಡಕ್ಕ ಮಾತ್ರ ಬ್ಯಾಡ. ಮತ್ತ ಸ್ತೂಪಕ್ಕ ಅಂತ ಕಮ್ಮೀತ ಕಮ್ಮಿ ಎರಡೂವರೆ ತಾಸು ಇಟ್ಕೊಳ್ರಿ, ಗಾಡಿ ಡ್ರೈವರಿಗೆ ಮೊದಲೇ ಹೇಳಿಬಿಡ್ರಿ, ಇಲ್ಲಂದ್ರ ಅವ ಹಾರ್ನ್ ಹೊಡೀಲಾಕ ಶುರು ಮಾಡ್ತಾನ.

ಹೋಗೋದು ಹೆಂಗ. ರೈಲಿನ ಹಾದಿ ಎಲ್ಲಕ್ಕಿಂತ ಸೀದಾ. ಸೋಲಾಪುರ, ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ, ವಾಡಿ, ಎಲ್ಲಾ ಒಂದೇ ಲೈನಿನ ಮ್ಯಾಲ ಅವ. ವಾಡಿಯಿಂದ ರಾಯಚೂರ ಕಡೆ ತಿರುಗಿದ್ರ ನಾಲವಾರ ಸ್ಟೇಷನ್, ಅಲ್ಲಿಂದ ಸನ್ನತಿ ಸುಮಾರು 20 ಕಿ.ಮೀ. ನಾಲವಾರದಾಗ ಎಲ್ಲಾ ಎಕ್ಸ್‌ಪ್ರೆಸ್ ನಿಲ್ಲಂಗಿಲ್ಲ, ಹಂಗಾಗಿ ವಾಡಿ ಜಂಕ್ಷನ್‌ಗೆ ಇಳಿದು ಆಟೋ ಇಲ್ಲಾ ಕ್ರೂಸರ್ ಮಾತಾಡ್ಕೊಳ್ಳೋದು ಛಲೋ. ಮಾತಾಡುವಾಗ ಹೋಗಿ ಬರೋದು, ನಡುವ ನಿಲ್ಲೋ ಹೊತ್ತು, ಗುಡಿ ಮತ್ತ ಸ್ತೂಪ ಎರಡೂ, ಇಷ್ಟೂ ಸೇರಿಸಿ ರೇಟ್ ಕೇಳ್ರಿ, "ಸನ್ನತಿ" ಅಂತ ಅಷ್ಟೇ ಅಂದ್ರ ಗುಡಿ ಮುಂದ ಬಿಟ್ಟು ನಿಲ್ತಾರ. ಅಕ್ಕಲಕೋಟ ರೋಡ್ ಸ್ಟೇಷನ್ ಅಕ್ಕಲಕೋಟ ಊರಿಂದ ಹತ್ತು ಕಿಲೋಮೀಟರ್ ಮ್ಯಾಲೇ ಅದ, ನಸುಕಿನ ಗಾಡಿ ಹಿಡಿಯೋರು ಆ ಹೊತ್ತನ್ನೂ ಲೆಕ್ಕಕ್ಕ ಹಿಡೀರಿ. ಸ್ವಂತ ಗಾಡಿ ಇದ್ದವರು ಕಲಬುರಗಿ ಮುಟ್ಟಿ ಅಲ್ಲಿಂದ ಶಹಾಬಾದ, ವಾಡಿ, ನಾಲವಾರ ಹಾದಿ ಹಿಡೀರಿ. ಬೆಳಕಿನ ಮಾತು ಹೇಳಿದ್ನಲ್ಲ, ಅದು ಸಾಧಿಸಬೇಕಂದ್ರ ಹಿಂದಿನ ರಾತ್ರಿ ಕಲಬುರಗಿಯಾಗ ಉಳಕೊಳ್ಳೋದೇ ಉತ್ತಮ, ಅಲ್ಲಿ ಎಲ್ಲಾ ನಮೂನಿ ಲಾಡ್ಜ್ ಅವ. ಬಸ್ಸಿಗೆ ಹೋಗೋ ಅಕ್ಕತಂಗಿಯರಿಗೆ ಒಂದು ಮಾತು, ಗಡಿ ದಾಟಿದ ಮ್ಯಾಲ ಕರ್ನಾಟಕದ ಬಸ್ಸಿನಾಗ ಹೆಣ್ಮಕ್ಕಳಿಗೆ ಫ್ರೀ ಇರೋದು ಖರೇ, ಆದ್ರ ಶಕ್ತಿ ಯೋಜನಾ ಕರ್ನಾಟಕದ ನಿವಾಸಿಗಳಿಗೆ ಮಾತ್ರ, ನಮ್ಮ ಮಹಾರಾಷ್ಟ್ರದ ಆಧಾರ್ ತೋರ್ಸಿದ್ರ ನಡೆಯಂಗಿಲ್ಲ, ಟಿಕೆಟ್ ತಗೋಬೇಕು.

ಹಾದ್ಯಾಗ ಶಹಾಬಾದ ಬಂದಾಗ ಕಿಟಕಿಯಿಂದ ಹೊರಗ ನೋಡ್ರಿ, ಕಲ್ಲಿನ ಖಣಿ ಸಾಲಾಗಿ ಕಾಣ್ತಾವ. ನಮ್ಮ ಕಡೆ ಹಳೇ ಮನ್ಯಾಗೆಲ್ಲಾ ಹಾಸಿರ್ತೀವಲ್ಲ ಶಹಾಬಾದಿ ಫರಸಿ, ಆ ಜಾತಿ ಸುಣ್ಣದ ಕಲ್ಲೇ ಕನಗನಹಳ್ಳಿ ಸ್ತೂಪಕ್ಕೂ ಹಾಕ್ಯಾರ. ಪದರ ಪದರಾಗಿ ಎದ್ದು ಬರ್ತದ, ಹಲಗಿ ಮಾಡ್ಲಾಕ ಸಸಾರ, ಮೈ ನುಣ್ಣಗಿರೋದರಿಂದ ಸಣ್ಣ ಕೆತ್ತನಿ ಮಾಡ್ಲಾಕ ಬರ್ತದ. ಇದು ತಲ್ಯಾಗ ಇಟ್ಕೊಂಡು ಹೋದ್ರ ಅಲ್ಲಿನ ಕಲ್ಲು ಯಾಕ ಹಿಂಗ ಹಲಗಿ ಹಲಗಿಯಾಗಿ ಒಡೆದಾವ ಅನ್ನೋದೂ ತಿಳೀತದ.

ಹೋಗೋ ಕಾಲ ನವೆಂಬರದಿಂದ ಫೆಬ್ರವರಿ. ಮಾರ್ಚ್ ಕಳೀತಂದ್ರ ಆ ಭಾಗದ ಬಿಸಿಲು ನಿಮಗ ಹೇಳಬೇಕಾಗಿಲ್ಲ, ಸೋಲಾಪುರದವರಿಗೆ ಗೊತ್ತದ. ಮಳಿಗಾಲದಾಗ ಎರಿ ಮಣ್ಣು ಚಪ್ಪಲಿಗೆ ಮೆತ್ಕೊಂಡು ಒಂದು ಹೆಜ್ಜಿ ಇಡ್ಲಾಕ ಬರಲ್ಲ, ಹಿರಿಯರನ್ನ ಕರ್ಕೊಂಡು ಹೋಗೋ ಮಾತೇ ಬ್ಯಾಡ. ನವೆಂಬರದಾಗ ಹೋದ್ರ ಹಾದಿ ಎರಡೂ ಕಡೆ ತೊಗರಿ ಹೂ ಬಿಟ್ಟು ಹೊಲ ಹಳದಿ ಆಗಿರ್ತದ, ಅದೊಂದು ಲಾಭ. ಕುಡಿಯೋ ನೀರು ಮನಿಯಿಂದನೇ ತಗೊಂಡು ಹೋಗ್ರಿ, ತಲಿಗೆ ಟೋಪಿ ಇಲ್ಲಾ ಟವಲ್, ಖಡಕ್ ರೊಟ್ಟಿ ಶೇಂಗಾ ಚಟ್ನಿ ಇದ್ರ ಊಟದ ಚಿಂತಿ ಇಲ್ಲ. ಮ್ಯಾಪ್ ಮೊಬೈಲಿನಾಗ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ರಿ. ಒಂದು ಸಣ್ಣ ಟಾರ್ಚ್ ಬೇಕೇ ಬೇಕು, ಯಾಕಂತ ಮುಂದ ಹೇಳ್ತೀನಿ.

ಈಗ ಸ್ತೂಪದ ಮುಂದ ನಿಂತೀರಿ ಅಂದ್ಕೊಳ್ರಿ. ಒಮ್ಮೆಲೇ ಒಳಗ ನುಗ್ಗಬ್ಯಾಡ್ರಿ. ಸ್ವಲ್ಪ ದೂರ ನಿಂತು ಇದು ಮೊದಲ ಹೆಂಗಿತ್ತು ಅಂತ ಕಣ್ಣಾಗ ಕಟ್ಕೊಳ್ರಿ. ಕೆಳಗ ಗುಂಡಗಿನ ಎತ್ತರದ ಕಟ್ಟಿ, ಅದಕ್ಕ ಮೇಧಿ ಅಂತಾರ. ಅದರ ಮ್ಯಾಲ ಬುಟ್ಟಿ ಬೋರಲು ಹಾಕಿದಂಗ ಅಂಡ. ನಾಲ್ಕೂ ದಿಕ್ಕಿಗೆ ಮೇಧಿಯಿಂದ ಮುಂದ ಚಾಚಿದ ಕಟ್ಟಿ, ಅದು ಆಯಕ. ಸುತ್ತಲೂ ಪ್ರದಕ್ಷಿಣಾ ಪಥ, ಅದರ ಹೊರಗ ಕಲ್ಲಿನ ಕಟಾಂಜನ, ಅದು ವೇದಿಕಾ. ಆಯಕದ ಪದ್ಧತಿ ಕೃಷ್ಣಾ ಕೊಳ್ಳದ ಸ್ತೂಪಗಳ ವಿಶೇಷ, ಅಮರಾವತಿ, ನಾಗಾರ್ಜುನಕೊಂಡದಾಗೂ ಹಿಂಗೇ ಅದ, ಸಾಂಚಿಯಾಗ ಇಲ್ಲ. ನಮ್ಮ ಭೀಮಾ ಹೊಳಿ ಪಂಢರಪುರ ದಾಟಿ, ಅಕ್ಕಲಕೋಟ ತಾಲೂಕಿನ ಅಂಚು ಹಿಡಿದು, ಗಾಣಗಾಪುರ ಸಂಗಮ ಕಂಡು, ಸನ್ನತಿ ಮುಟ್ಟಿ, ಮುಂದ ರಾಯಚೂರ ಕಡೆ ಕೃಷ್ಣೆಗೆ ಕೂಡ್ತದಲ್ಲ, ಆ ನೀರಿನ ಹಾದ್ಯಾಗೇ ಈ ಕಲೆಯೂ ಹರದಾಡ್ಯದ. ಈ ಸ್ತೂಪಕ್ಕ ಅಲ್ಲಿ ಸಿಕ್ಕ ಶಾಸನದಾಗೇ "ಅಧೋಲೋಕ ಮಹಾಚೇತಿಯ" ಅಂತ ಹೆಸರದ. ಮೌರ್ಯರ ಕಾಲದಾಗ ಶುರು ಆಗಿ, ಶಾತವಾಹನರ ಕಾಲದಾಗ ದೊಡ್ಡದಾಗಿ, ಕ್ರಿ.ಶ. 3ನೇ ಶತಮಾನದ ತನಕ ಬೆಳೀತಾ ಹೋಗ್ಯದ, ಅಂದ್ರ ಒಬ್ಬ ರಾಜ ಒಂದು ದಿನ ಕಟ್ಟಿಸಿದ್ದಲ್ಲ.

ಇದು ಮಣ್ಣಿನಿಂದ ಹೊರಗ ಬಂದ ಕಥಿನೂ ಸ್ವಲ್ಪ ಗೊತ್ತಿರಲಿ. 1954ರಾಗ ಕಪಟರಾಳ ಕೃಷ್ಣರಾಯರು ಸನ್ನತಿಯ ಬೌದ್ಧ ಅವಶೇಷಗಳನ್ನ ಗುರುತಿಸಿ ಜನಕ್ಕ ತಿಳಿಸಿದ್ರು. 1986ರಿಂದ 89ರ ತನಕ ಸನ್ನತಿಯಾಗ ಉತ್ಖನನ ಆಯ್ತು. ಆಮ್ಯಾಲ 1994ರಿಂದ ಕನಗನಹಳ್ಳಿಯಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕೆ.ಪಿ. ಪೂಣಚ್ಚ ಅವರ ನೇತೃತ್ವದಾಗ ಅಗಿಲಾಕ ಶುರು ಮಾಡಿದ್ರು, ಆಗ ಈ ಮಹಾಸ್ತೂಪ ಪೂರ್ತಿ ಕಂಡಿದ್ದು. ಅಷ್ಟು ದಿನ ಊರವರಿಗೆ ಇದೊಂದು ದಿನ್ನಿ.

ನಡೆಯೋದು ಪ್ರದಕ್ಷಿಣಾಕಾರ, ಅಂದ್ರ ಸ್ತೂಪ ನಿಮ್ಮ ಬಲಗಡೆ ಇರಬೇಕು. ಇದು ಭಕ್ತಿಯ ಮಾತು ಹೌದು, ಆದ್ರ ನೋಡೋರಿಗೂ ಇದೇ ಉಪಯೋಗ, ಯಾಕಂದ್ರ ಕೆತ್ತಿದವರು ಮಂದಿ ಹಿಂಗೇ ಸುತ್ತು ಹಾಕ್ತಾರ ಅಂತ ತಿಳ್ಕೊಂಡೇ ಚಿತ್ರ ಇಟ್ಟಾರ. ಒಂದು ಸುತ್ತು ಸುಮ್ಮನ ನಡೀರಿ, ಮೊಬೈಲ್ ಕಿಸೆದಾಗೇ ಇರ್ಲಿ. ಎರಡನೇ ಸುತ್ತಿಗೆ ಒಂದೊಂದು ಕಲ್ಲಿನ ಹತ್ರ ನಿಲ್ರಿ.

ಎರಡನೇ ಸುತ್ತಿನಾಗ ಮೊದಲ ಹುಡುಕಬೇಕಾದ್ದು ಖಾಲಿ ಆಸನ. ಎಷ್ಟೋ ಹಲಗ್ಯಾಗ ಮಂದಿ ಕೈಮುಗಿದು ನಿಂತಿರ್ತಾರ, ನಡುವ ಒಂದು ಸಿಂಹಾಸನ ಇರ್ತದ, ಮ್ಯಾಲ ಯಾರೂ ಇಲ್ಲ. ಇಲ್ಲಾ ಒಂದು ಗಿಡ, ಒಂದು ಚಕ್ರ, ಎರಡು ಪಾದ. ಹಳೇ ಬೌದ್ಧ ಶಿಲ್ಪಿಗಳು ಬುದ್ಧನನ್ನ ಮನುಷ್ಯ ರೂಪದಾಗ ಕೆತ್ತದೆ ಹಿಂಗ ತೋರಸ್ತಿದ್ರು: ಬೋಧಿವೃಕ್ಷ ಅಂದ್ರ ಜ್ಞಾನೋದಯ, ಚಕ್ರ ಅಂದ್ರ ಮೊದಲ ಉಪದೇಶ, ಸ್ತೂಪ ಅಂದ್ರ ಪರಿನಿರ್ವಾಣ, ಅಂದ್ರ ಬುದ್ಧ ದೇಹ ಬಿಟ್ಟದ್ದು. ಇಷ್ಟು ಗೊತ್ತಿದ್ರ ಅರ್ಧ ಹಲಗಿ ನೀವೇ ಓದ್ತೀರಿ, ಗೈಡ್ ಬೇಕಾಗಂಗಿಲ್ಲ. ಬುದ್ಧನ ಮೂರ್ತಿಗಳೂ ಇಲ್ಲಿ ಸಿಕ್ಕಾವ, ಅವು ಕಡೀ ಕಾಲದವು. ಒಂದೇ ಜಾಗದಾಗ ಎರಡೂ ಪದ್ಧತಿ ನೋಡೋ ಅವಕಾಶ ಭಾಳ ಕಡೆ ಸಿಗಂಗಿಲ್ಲ, ಇದನ್ನ ಮಾತ್ರ ಅವಸರ ಮಾಡದೆ ನೋಡ್ರಿ.

ಆಮ್ಯಾಲ ಅಶೋಕನ ಕಲ್ಲು. ಸಂರಕ್ಷಣಾ ಕೆಲಸದಾಗ ಹಲಗಿಗಳನ್ನ ಜಾಗ ಬದಲಿಸಿ ಇಡ್ತಾರ, ಹಂಗಾಗಿ ಎಲ್ಲದ ಅಂತ ಅಲ್ಲಿನ ಕಾವಲುಗಾರರನ್ನೇ ಕೇಳ್ರಿ, ನಮ್ರವಾಗಿ ಕೇಳಿದ್ರ ಛಂದಾಗಿ ಹೇಳ್ತಾರ, ಅವರಿಗೆ ಈ ಕಲ್ಲುಗಳ ಮ್ಯಾಲ ಪ್ರೀತಿ ಅದ. ರಾಜ ನಿಂತಾನ, ಪಕ್ಕ ರಾಣಿ, ಹಿಂದ ಛತ್ರ ಮತ್ತ ಚಾಮರ ಹಿಡಿದ ಸೇವಕಿಯರು. ಅದರ ಮ್ಯಾಲ ಬ್ರಾಹ್ಮಿ ಅಕ್ಷರದಾಗ "ರಾಯಾ ಅಸೋಕೋ" ಅಂತ ಕೆತ್ತ್ಯಾರ. ಈಗ ಟಾರ್ಚ್ ತೆಗೀರಿ. ಎದುರಿಗೆ ಹಿಡೀಬ್ಯಾಡ್ರಿ, ಕಲ್ಲಿನ ಬದಿಗೆ ಹಿಡಿದು ಬೆಳಕು ಮೈ ಸವರಿಕೊಂಡು ಹೋಗೋ ಹಂಗ ಬಿಡ್ರಿ, ಕಲ್ಲಿಗೆ ಟಾರ್ಚ್ ತಾಗಬಾರದು. ಅಕ್ಷರ ಮ್ಯಾಲ ಎದ್ದು ಬರ್ತಾವ. ಕಡೀ ಅಕ್ಷರ ನೋಡ್ರಿ, ಪ್ಲಸ್ ಗುರುತು, ಅದು ಕ, ಅದರ ತಲಿಗೆ ಎರಡೂ ಬದಿ ಸಣ್ಣ ಗೆರಿ, ಅದು ಓಕಾರ, ಕೂಡಿದ್ರ ಕೋ. ಮೊದಲ ಅಕ್ಷರ ನೆಟ್ಟಗ ಒಂದು ಗೆರಿ, ಅದು ರ. ನಾವು ಈಗ ಬರೆಯೋ ಕನ್ನಡ ಲಿಪಿ ಈ ಬ್ರಾಹ್ಮಿಯಿಂದನೇ ಬೆಳೆದು ಬಂದದ್ದು, ಅದಕ್ಕ ಆ ಕಲ್ಲಿನ ಮುಂದ ನಿಂತ್ರ ನನಗ ಮೈ ಜುಮ್ ಅಂತದ. ನಮ್ಮಕ್ಕನ ಮಗ ಮರಾಠಿ ಶಾಳಿಗೆ ಹೋಗೋ ಹುಡುಗ, ಆ ಪ್ಲಸ್ ಗುರುತು ಒಮ್ಮೆ ತೋರ್ಸಿದ್ದೇ ತಡ, ಉಳಿದ ಹಲಗಿ ಮ್ಯಾಲೆಲ್ಲಾ ತಾನೇ ಕ ಹುಡುಕ್ಕೊಂತ ಅಡ್ಡಾಡಿದ.

ಇಲ್ಲಿ ಒಂದು ಎಚ್ಚರ. "ಇದು ಅಶೋಕನ ಖರೇ ಮಾರಿ, ಅವನನ್ನ ನೋಡೇ ಕೆತ್ತ್ಯಾರ" ಅಂತ ಕೆಲವರು ಹೇಳ್ತಾರ. ಹಂಗಲ್ಲ. ಅಶೋಕ ತೀರಿಕೊಂಡದ್ದು ಕ್ರಿ.ಪೂ. 232ರ ಸುಮಾರಿಗೆ, ಈ ಕೆತ್ತನಿ ಅವನಾದ ಮ್ಯಾಲ ಶಾತವಾಹನರ ಕಾಲದ್ದು. ಆದ್ರ ಅದಕ್ಕೇ ಇದರ ಬೆಲಿ ಜಾಸ್ತಿ ಅಂತೀನಿ, ಮೌರ್ಯರ ರಾಜ್ಯ ಮುಳುಗಿ ಹೋದ ಮ್ಯಾಲೂ ಭೀಮಾ ದಂಡಿ ಮಂದಿ ಅವನ ಹೆಸರು ನೆನಪಿಟ್ಟು ಕೆತ್ತಿಸ್ಯಾರ. ಶಾತವಾಹನ ರಾಜರ ಹಲಗಿಗಳೂ ಇಲ್ಲಿ ಸಿಕ್ಕಾವ, ಅವಕ್ಕೂ ಹೆಸರು ಬರ್ದಾರ. ಒಂದರಾಗ ಶಾತಕರ್ಣಿ ರಾಜ ಮಹಾಚೈತ್ಯಕ್ಕ, ಅಂದ್ರ ಈ ಸ್ತೂಪಕ್ಕೇ, ಬೆಳ್ಳಿ ಕಮಲ ಅರ್ಪಿಸ್ಲತ್ತಾನ, ಇನ್ನೊಂದರಾಗ ಪುಳುಮಾವಿ ರಾಜ ಉಜ್ಜಯಿನಿ ಬಿಟ್ಟುಕೊಡ್ಲತ್ತಾನ.

ರಾಜರನ್ನ ನೋಡಿ ಮುಗೀತು ಅನಬ್ಯಾಡ್ರಿ. ಹಲಗಿ ಅಂಚಿಗೆ, ಕಂಬದ ಮ್ಯಾಲ ಸಣ್ಣ ಸಣ್ಣ ಶಾಸನ ಅವ, ಅವು ದಾನ ಕೊಟ್ಟವರ ಹೆಸರು. ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು, ಹೆಣ್ಮಕ್ಕಳು, ಒಬ್ಬೊಬ್ಬರು ಒಂದೊಂದು ಕಲ್ಲಿನ ಖರ್ಚು ಹೊತ್ತಾರ. ಸಾಲಿನ ಕೊನಿಗೆ "ದಾನಂ" ಅಂತ ಇರ್ತದ. ಅದನ್ನ ಗುರುತು ಹಿಡಿಯೋದು ಹಿಂಗ: ಅಡ್ಡ ಗೆರಿ ಮ್ಯಾಲ ನೆಟ್ಟಗ ನಿಂತ ಗೆರಿ, ಅದು ನ, ಅದರ ಪಕ್ಕ ಒಂದು ಚುಕ್ಕಿ, ಅದು ಅನುಸ್ವಾರ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಾಗ ಬ್ರಾಹ್ಮಿ ಲಿಪಿ ಬಿಡಿಸಿದ್ದೂ ಸಾಂಚಿ ಶಾಸನಗಳ ಕೊನಿಗೆ ಪದೇ ಪದೇ ಬರೋ ಇದೇ "ದಾನಂ" ಹಿಡ್ಕೊಂಡು. ಮಕ್ಕಳಿದ್ರ ಅವರಿಗೆ ಇದೇ ಆಟ ಕೊಡ್ರಿ, ಯಾರು ಮೊದಲ ಹುಡುಕ್ತಾರ ಅಂತ, ಬ್ಯಾಸರ ಅನ್ನೋ ಮಾತು ಬರಂಗಿಲ್ಲ.

ಸ್ತೂಪದಿಂದ ಸ್ವಲ್ಪ ಆಚೀಗಿ ಇಟ್ಟಿಗಿ ಕಟ್ಟಡಗಳ ಪಾಯ ಕಾಣ್ತಾವ, ಅಲ್ಲಿ ಬಹುತೇಕ ಯಾರೂ ಹೋಗಂಗಿಲ್ಲ. ಹೋಗ್ರಿ. ಇಟ್ಟಿಗಿ ಎಷ್ಟು ದೊಡ್ಡದವ ನೋಡ್ರಿ, ಈಗಿನ ಭಟ್ಟಿ ಇಟ್ಟಿಗಿ ಅದರ ಮುಂದ ಏನೂ ಅಲ್ಲ, ಹಳೇ ಇಟ್ಟಿಗಿ ಅಂತ ಗುರುತಿಸ್ಲಾಕ ಅದೇ ಮೊದಲ ಸುಳಿವು. ಬೌದ್ಧ ವಿಹಾರ, ಅಂದ್ರ ಭಿಕ್ಷುಗಳು ಇರೋ ಮನಿ, ಯಾವ ಊರಾಗೇ ಇರ್ಲಿ, ಅದರ ಪಾಯ ಓದೋ ರೀತಿ ಒಂದೇ: ನಡುವ ಅಂಗಳ, ಸುತ್ತಲೂ ಸಣ್ಣ ಸಣ್ಣ ಕೋಣಿ, ಒಬ್ಬರೋ ಇಬ್ಬರೋ ಮಲಗುವಷ್ಟು. ಒಂದು ಕಡೆ ಗುಂಡಗ ತಿರುಗಿದ ಗ್ವಾಡಿ ಇದ್ರ ಅದು ಚೈತ್ಯ, ಪೂಜಾ ಮಾಡೋ ಜಾಗ. ಭಿಕ್ಷುಗಳು ವರ್ಷ ಪೂರ್ತಿ ತಿರುಗ್ತಿದ್ರು, ಮಳಿಗಾಲದ ಮೂರು ತಿಂಗಳು ಮಾತ್ರ ಒಂದೇ ಕಡೆ ನಿಲ್ಲಬೇಕು ಅನ್ನೋ ನಿಯಮ ಇತ್ತು, ಆ ವರ್ಷಾವಾಸದಿಂದನೇ ಕಾಯಂ ವಿಹಾರಗಳು ಬೆಳೆದದ್ದು.

ಇನ್ನ ನಡವಳಿಕಿ. ಹಲಗಿ ಮ್ಯಾಲ ನಿಲ್ಲೋದು, ಕೂಡೋದು, ಮಗುವನ್ನ ಕೂಡ್ರಿಸಿ ಫೋಟೋ ತಗೊಳ್ಳೋದು ದಯಮಾಡಿ ಮಾಡಬ್ಯಾಡ್ರಿ, ಸುಣ್ಣದ ಕಲ್ಲು ಪದರ ಬಿಡ್ತದ, ಒಮ್ಮೆ ಸಿಪ್ಪಿ ಎದ್ರ ಅಕ್ಷರ ಹೋಯ್ತು. ಅಕ್ಷರ ಕಾಣ್ಲಿ ಅಂತ ಸುಣ್ಣದ ಕಡ್ಡಿ, ನೀರು, ಎಣ್ಣಿ ಹಚ್ಚಬ್ಯಾಡ್ರಿ. ಕುಂಕುಮ ಭಂಡಾರ ಸುದ್ದಾ ಬ್ಯಾಡ, ಭಕ್ತಿ ಇದ್ರ ಕೈ ಮುಗೀರಿ ಸಾಕು. ಮಡಿಕಿ ಚೂರು, ಇಟ್ಟಿಗಿ ತುಂಡು ಕಿಸೆಗೆ ಹಾಕೊಳ್ಳೋರು ಇರ್ತಾರ, ಅದು ಕಳ್ಳತನನೇ. 1958ರ ಪ್ರಾಚೀನ ಸ್ಮಾರಕಗಳ ಕಾಯಿದಿಗೆ 2010ರಾಗ ತಿದ್ದುಪಡಿ ಆದ ಮ್ಯಾಲ ಸಂರಕ್ಷಿತ ಸ್ಮಾರಕಕ್ಕ ಹಾನಿ ಮಾಡಿದ್ರ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಅದ. ಬೌದ್ಧ ಉಪಾಸಕರು ಬಂದು ವಂದನಾ ಮಾಡ್ತಿರ್ತಾರ, ಬುದ್ಧ ಪೂರ್ಣಿಮಾ, ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನದ ಆಸುಪಾಸು ಅಂತೂ ಹೆಚ್ಚು. ಅವರ ಪ್ರಾರ್ಥನಾ ನಡೆದಾಗ ಜೋರಾಗಿ ಮಾತಾಡಬಾರದು, ನಡುವ ಹಾಯಬಾರದು, ಅವರಿಗೆ ಇದು ಚಂದ್ರಲಾಂಬಾ ಗುಡಿ ನಮಗ ಇದ್ದಂಗೇ.

ಗುಡಿಗೆ ಬಂದ ಮ್ಯಾಲೂ ಇತಿಹಾಸ ಮುಗಿದಿಲ್ಲ. ಚಂದ್ರಲಾಂಬಾ ಗುಡಿ ಆವರಣದಾಗ ಕಾಳಿಕಾ ಗುಡಿ ಎಲ್ಲದ ಅಂತ ಕೇಳ್ರಿ. 1986ರಾಗ ಆ ಗುಡಿ ಚಾವಣಿ ಕುಸಿದು ಮೂರ್ತಿಗೆ ಪೆಟ್ಟಾಯ್ತು, ಮೂರ್ತಿ ಎತ್ತಿದಾಗ ಕೆಳಗಿನ ಪೀಠದ ಕಲ್ಲಿನ ಎರಡೂ ಮೈ ಮ್ಯಾಲ ಬ್ರಾಹ್ಮಿ ಅಕ್ಷರ ಕಂಡ್ವು. ನೋಡಿದ್ರ ಅದು ಅಶೋಕನ ಶಾಸನ. ಮೂರ್ತಿ ಕೂಡ್ರಿಸ್ಲಾಕ ಯಾವುದೋ ಕಾಲದಾಗ ನಡುವ ಚೌಕ ತೂತು ಕೊರೆದಾರ, ಅಷ್ಟು ಅಕ್ಷರ ಹೋಗ್ಯಾವ. ಉಳಿದದ್ದರಾಗ ಅಶೋಕನ ಹದಿನಾಲ್ಕು ಶಿಲಾಶಾಸನಗಳ ಪೈಕಿ 12ನೇ ಮತ್ತ 14ನೇ ಶಾಸನದ ಭಾಗ ಅವ, ಜೊತಿಗೆ ಆ ಸಾಲಿಗೆ ಸೇರದ ಎರಡು ಪ್ರತ್ಯೇಕ ಶಾಸನ ಅವ, ಆ ಪ್ರತ್ಯೇಕ ಶಾಸನಗಳು ಇದಕ್ಕಿಂತ ಮೊದಲ ಒಡಿಶಾದ ಧೌಲಿ, ಜೌಗಡದಾಗ ಮಾತ್ರ ಗೊತ್ತಿದ್ವು. 12ನೇ ಶಾಸನ ಏನ್ ಹೇಳ್ತದಂದ್ರ, ತನ್ನ ಪಂಥ ಹೊಗಳೋ ಭರದಾಗ ಇನ್ನೊಬ್ಬರ ಪಂಥ ಹಳೀಬಾರದು, ಎಲ್ಲರ ಧರ್ಮದ ಮಾತೂ ಕೇಳಬೇಕು. ಪ್ರತ್ಯೇಕ ಶಾಸನದಾಗ "ಎಲ್ಲಾ ಮನುಷ್ಯರೂ ನನ್ನ ಮಕ್ಕಳು" ಅಂತ ಬರ್ತದ. ನಿಮ್ಮ ಜೊತಿ ಬಂದ ಹಿರಿಯರಿಗೆ ಈ ಕಥಿ ಗುಡಿ ಕಟ್ಟಿ ಮ್ಯಾಲ ಕೂತಾಗ ಹೇಳ್ರಿ, ಸ್ತೂಪ ನೋಡ್ಲಾಕ ಮನಸಿಲ್ಲದವರು ಸುದ್ದಾ ಕಿವಿಗೊಟ್ಟು ಕೇಳ್ತಾರ.

ಹೊಳ್ಳಿ ಬರುವಾಗ ಕಲಬುರಗಿಯಾಗ ಮೂರು ತಾಸು ಸಿಕ್ರ ಸೇಡಂ ರೋಡಿನ ಸರ್ಕಾರಿ ಮ್ಯೂಸಿಯಂಗೆ ಹೋಗ್ರಿ. ಬಹಮನಿ ಕಾಲದ ಹಳೇ ಗುಮ್ಮಟಗಳಾಗೇ ಅದನ್ನ ಮಾಡ್ಯಾರ, ಸನ್ನತಿಯಿಂದ ತಂದ ಬೌದ್ಧ ಶಿಲ್ಪ ಅಲ್ಲಿ ನೆರಳಾಗ, ಕಣ್ಣಿನ ಎತ್ತರಕ್ಕ ನೋಡ್ಲಾಕ ಸಿಗ್ತಾವ. ಸರ್ಕಾರಿ ಮ್ಯೂಸಿಯಂ ಸಾಮಾನ್ಯವಾಗಿ ಸೋಮವಾರ ಬಂದ್ ಇರ್ತಾವ, ಅದಕ್ಕ ಈ ಪ್ರವಾಸ ಶನಿವಾರ ರಾತ್ರಿ ಹೊರಟು ರವಿವಾರ ಸ್ತೂಪ, ಗುಡಿ ಅಂತ ಇಟ್ಕೊಂಡ್ರ ಮ್ಯೂಸಿಯಂ ತಪ್ಪೋ ಸಂಭವ ಜಾಸ್ತಿ, ಶುಕ್ರವಾರ ರಾತ್ರಿ ಹೊರಟು ಶನಿವಾರ ಸನ್ನತಿ, ರವಿವಾರ ಮುಂಜಾನೆ ಮ್ಯೂಸಿಯಂ ನೋಡಿ ಮಧ್ಯಾಹ್ನದ ಗಾಡಿಗೆ ಸೋಲಾಪುರ ಹತ್ತಿದ್ರ ಎಲ್ಲಾ ಕೂಡ್ತದ.